ನಮ್ಮ ಹೊಳೆಯ ತವರುಮನೆ



ಮದುವೆಯಾಗಿ ಬಂದ ಹೆಣ್ಣಿಗೆ ತವರುಮನೆ ಅಂತ ಒಂದು ಇರುತ್ತದೆ. ಅವಳು ಎಲ್ಲಿ ಹುಟ್ಟಿದಳು, ಯಾವ ಅಂಗಳದಲ್ಲಿ ಆಡಿ ಬೆಳೆದಳು ಎಂಬುದನ್ನು ತಿಳಿಯದೆ, ‘ಈ ಸೊಸಿ ಹಿಂಗ್ಯಾಕ?’ ಎಂದು ಆಡಿಕೊಳ್ಳುವುದು ಸುಲಭ. ತವರನ್ನು ಒಮ್ಮೆ ನೋಡಿ ಬಂದರೆ ಅವಳ ಅರ್ಧ ಸ್ವಭಾವ ಅರ್ಥವಾಗುತ್ತದೆ. ನದಿಗೂ ಹಾಗೆಯೇ ಎಂದು ನನಗೆ ಈಗ ಅನಿಸುತ್ತದೆ. ನಿಮ್ಮೂರ ಮುಂದೆ ಹರಿಯುವ ಹೊಳೆ ಎಲ್ಲಿ ಹುಟ್ಟುತ್ತದೆ, ಹೋಗಿ ನೋಡಿದ್ದೀರಾ? ಭೂಗೋಳದ ಪುಸ್ತಕದಲ್ಲಿ ಓದಿದ್ದಲ್ಲ, ಕಾಲು ಒದ್ದೆ ಮಾಡಿಕೊಂಡು ಹೋಗಿ ನೋಡಿದ್ದು?

ನಮ್ಮೂರು ಸಂಕೇಶ್ವರ, ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಓಡಾಡಿದವರಿಗೆ ಗೊತ್ತೇ ಇರುತ್ತದೆ. ಶಂಕರಲಿಂಗನ ಗುಡಿ, ಮಠ, ಕೆಂಪು ಮೆಣಸಿನಕಾಯಿಯ ಪೇಟೆ, ಸಕ್ಕರೆ ಕಾರಖಾನೆ, ಇವು ನಾಲ್ಕು ನಮ್ಮೂರಿನ ಗುರುತು. ಐದನೆಯದು ಹಿರಣ್ಯಕೇಶಿ ಹೊಳೆ. ಸಕ್ಕರೆ ಕಾರಖಾನೆಗೂ ಅವಳದೇ ಹೆಸರು. ನಾನು ಹತ್ತನೇ ಇಯತ್ತೆ ಮುಗಿಸಿ, ಮುಂದೆ ಎರಡು ವರ್ಷಕ್ಕೆ ಮದುವೆಯಾಗಿ ಈ ಊರಿಗೆ ಬಂದವಳು. ನಮ್ಮ ಮನೆಯ ಹಿತ್ತಲ ಬಾಗಿಲು ತೆರೆದರೆ ಹೊಳೆಯ ಗಾಳಿ ಒಳಗೆ ಬರುತ್ತದೆ. ಅಷ್ಟು ಹತ್ತಿರ.

ನಮ್ಮ ಅತ್ತಿಯವರಿಗೆ ಆಗ ಆ ಹೊಳೆಯೆಂದರೆ ಮನೆಯ ಹಿರಿಯ ಹೆಣ್ಣುಮಗಳಿದ್ದಂತೆ. ಮಳೆಗಾಲದ ಹೊಸ ನೀರು ಬಂದ ದಿನ ಅರಿಶಿನ-ಕುಂಕುಮ, ಖಣ, ಐದು ಹಿಡಿ ಅಕ್ಕಿ, ತೆಂಗಿನಕಾಯಿ ತೆಗೆದುಕೊಂಡು ಹೋಗಿ ಹೊಳೆಗೆ ಉಡಿ ತುಂಬಿ ಬರುತ್ತಿದ್ದರು. ನನ್ನನ್ನೂ ಕರೆದುಕೊಂಡು ಹೋಗಿ, ‘ತಾಯೀ, ನಮ್ಮ ಮನಿ ಸೊಸಿ ನೋಡ, ಗುರ್ತ ಇಟಗೋ’ ಎಂದು ಹೊಳೆಗೆ ನನ್ನನ್ನು ಪರಿಚಯ ಮಾಡಿಸಿದ್ದರು! ಆಗ ನನಗೆ ನಗು ಬಂದಿತ್ತು.

2019ರ ಆಗಸ್ಟ್ ತಿಂಗಳನ್ನು ನಮ್ಮ ಕಡೆಯವರು ಯಾರೂ ಮರೆಯಲಾರರು. ಕೃಷ್ಣೆ, ಘಟಪ್ರಭೆ, ದೂಧಗಂಗೆ, ವೇದಗಂಗೆ, ಎಲ್ಲ ಒಟ್ಟಿಗೆ ಉಕ್ಕಿದವು. ಹಿರಣ್ಯಕೇಶಿ ರಾತ್ರಿ ಹಿತ್ತಲಿಗೆ ಬಂದಳು, ಬೆಳಗಾಗುವುದರಲ್ಲಿ ಪಡಸಾಲೆಗೆ ಬಂದಳು. ನಾವು ಉಟ್ಟ ಬಟ್ಟೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಎತ್ತರದ ಓಣಿಯ ಬಂಧುಗಳ ಮನೆ ಸೇರಿದೆವು. ಆರು ದಿನದ ನಂತರ ಬಾಗಿಲು ತೆಗೆದಾಗ ಗೋಡೆಯ ಮೇಲೆ ನನ್ನ ಎದೆಯೆತ್ತರಕ್ಕೆ ಕೆಸರಿನ ಗೆರೆ. ಜೋಳದ ಚೀಲಗಳು ಉಬ್ಬಿ ಒಡೆದಿದ್ದವು. ಅತ್ತಿಯವರ ಟ್ರಂಕಿನಲ್ಲಿದ್ದ ಧಾರೆ ಸೀರೆ ಕೈಗೆ ತೆಗೆದುಕೊಂಡರೆ ಹರಿಯುತ್ತಿತ್ತು. ಮಾವನವರದು ಒಂದೇ ಒಂದು ಫೋಟೋ ಇತ್ತು. ಅದರ ಚೌಕಟ್ಟು ಸಿಕ್ಕಿತು, ಒಳಗಿನ ಮುಖ ಸಿಗಲಿಲ್ಲ.

ಅಂದಿನಿಂದ ಅತ್ತಿಯವರು ಹಿತ್ತಲ ಬಾಗಿಲು ದಾಟಲಿಲ್ಲ. ‘ಆಕಿ ಸಿಟ್ಟು ಆಕಿಗೆ, ನನ್ನ ಸಿಟ್ಟು ನನಗ’ ಎಂದುಬಿಟ್ಟರು. 2021ರ ಜುಲೈನಲ್ಲಿ ಮತ್ತೆ ನೀರು ಬಂತು. ಆಗ ಮೊಣಕಾಲುದ್ದ. ಅತ್ತಿಯವರ ಸಿಟ್ಟು ಇನ್ನಷ್ಟು ಗಟ್ಟಿಯಾಯಿತು.

ಹಾಗಾದರೆ ಈ ಮನೆ ಬಿಟ್ಟು ಎತ್ತರಕ್ಕೆ ಹೋಗೋಣ ಎಂದರೆ ಅದಕ್ಕೂ ಒಪ್ಪಿಗೆಯಿಲ್ಲ. ನಮ್ಮವರು ಹೇಳಿದರು, ಪುಣೆಯಲ್ಲಿರುವ ಮೈದುನ ಫೋನಿನಲ್ಲಿ ಹೇಳಿ ಹೇಳಿ ಸೋತ. ‘ನಿಮ್ಮಪ್ಪ ಸತ್ತ ಮನಿ ಇದು. ನಾ ಇಲ್ಲೇ.’ ಮಾತು ಅಲ್ಲಿಗೆ ಮುಗಿಯಿತು. ಮನೆಯೂ ಬೇಕು, ಹೊಳೆಯ ಮುಖವೂ ಬೇಡ! ಜುಲೈ ಬಂತೆಂದರೆ ನನಗೆ ರಾತ್ರಿ ನಿದ್ದೆಯಿಲ್ಲ. ಮಗಳ ಪುಸ್ತಕ, ದವಸ, ಗ್ಯಾಸಿನ ಸಿಲಿಂಡರ್, ರೇಶನ್ ಕಾರ್ಡು, ಎಲ್ಲ ಅಟ್ಟಕ್ಕೆ ಏರಿಸುವುದು, ಗಣಪತಿ ಹಬ್ಬದ ಹೊತ್ತಿಗೆ ಇಳಿಸುವುದು. ಟಾರ್ಚು ತಲೆದಿಂಬಿನ ಬಳಿ. ಎರಡು ಗಂಟೆಗೊಮ್ಮೆ ಎದ್ದು ಹಿತ್ತಲ ಮೆಟ್ಟಿಲು ಎಷ್ಟು ಮುಳುಗಿದೆ ಎಂದು ಎಣಿಸುವುದು. ಹೊಳೆ ದಂಡೆಯಲ್ಲಿ ಸಂಸಾರ ಮಾಡುವ ಸೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ ಹೋದ ಮಳೆಗಾಲ, ನಾಗರ ಪಂಚಮಿಗೆ ಇನ್ನೂ ಹದಿನೈದು ದಿನ ಇರುವಾಗ, ಗಡಹಿಂಗ್ಲಜಕ್ಕೆ ಕೊಟ್ಟ ನನ್ನ ನಾದಿನಿ ತವರಿಗೆ ಬಂದಳು. ಅವಳ ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಗಡಿನಾಡಿನಲ್ಲಿ ಹೀಗೇ. ರಾತ್ರಿ ಊಟದ ಹೊತ್ತಿನಲ್ಲಿ, ‘ವೈನಿ, ಆಂಬೋಲಿ ಈಗ ನೋಡಬೇಕ್ರಿ. ನಮ್ಮ ಹಿರಣ್ಯಕೇಶಿ ಹುಟ್ಟೂದು ಅಲ್ಲೇ’ ಎಂದಳು. ಅತ್ತಿಯವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು. ಸ್ವಲ್ಪ ಹೊತ್ತು ಬಿಟ್ಟು, ‘ನನ್ನೂ ಕರಕೊಂಡ ಹೋಗ್ರಿ’ ಎಂದರು. ‘ಅವ್ವಾ, ಅಲ್ಲಿ ಮಳಿ ಭಾಳ ಇರತದ, ನಿನ್ನ ಮೊಣಕಾಲು...’ ಎಂದು ನಮ್ಮವರು ಶುರು ಮಾಡುವುದರೊಳಗೆ, ‘ಆಕಿ ಯಾರ ಮನಿ ಮಗಳು ಅಂತ ನಾ ನೋಡಬೇಕು’ ಎಂದು ಕೈ ತೊಳೆಯಲು ಎದ್ದೇಬಿಟ್ಟರು.

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಬಾಡಿಗೆಯ ಕ್ರೂಸರ್ ಗಾಡಿ ಬಾಗಿಲಿಗೆ ಬಂತು. ಅತ್ತಿಯವರು, ನಮ್ಮವರು, ನಾದಿನಿ, ಪಿ.ಯು.ಸಿ. ಓದುವ ಮಗಳು, ನಾನು. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ ಆಂಬೋಲಿಗೆ ಸುಮಾರು 70 ಕಿ.ಮೀ. ಈ ರಸ್ತೆಯ ಚೆಂದವೇನೆಂದರೆ, ಉದ್ದಕ್ಕೂ ಹೊಳೆ ನಮ್ಮ ಜೊತೆಗೇ ಇರುತ್ತಾಳೆ. ಆದರೆ ಅವಳು ಕೆಳಗೆ ಬರುತ್ತಿರುತ್ತಾಳೆ, ನಾವು ಮೇಲಕ್ಕೆ ಹೋಗುತ್ತಿರುತ್ತೇವೆ. ಗಡಹಿಂಗ್ಲಜದಲ್ಲಿ ಅವಳು ನಮ್ಮೂರಿನ ಹಾಗೆಯೇ ಅಗಲವಾಗಿ, ಕೆಂಪಗೆ, ದಂಡೆ ತುಂಬಿ ಹರಿಯುತ್ತಿದ್ದಳು. ಅತ್ತಿಯವರು ಕಿಟಕಿಯ ಕಡೆಗೆ ಬೆನ್ನು ಹಾಕಿ ಕುಳಿತರು.

ಗಡಹಿಂಗ್ಲಜ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತ ಹೋಯಿತು. ನಮ್ಮ ಕಡೆಯ ಕಬ್ಬು, ಸೋಯಾಬೀನು ಹಿಂದೆ ಬಿದ್ದು ಭತ್ತದ ಗದ್ದೆ ಬಂದವು. ಆಜರೆಯ ಸುತ್ತ ಹೆಂಗಸರು ಪ್ಲಾಸ್ಟಿಕ್ ಹಾಳೆಯ ಕೊಪ್ಪೆ ಹೊದ್ದು ಸಾಲಾಗಿ ಬಾಗಿ ನಾಟಿ ಮಾಡುತ್ತಿದ್ದರು. ಆಜರೆಯ ಘನಸಾಳ ಅಕ್ಕಿಯ ಹೆಸರನ್ನು ನೀವು ಕೇಳಿರಬಹುದು. ಚಿಕ್ಕ ಕಾಳು. ಒಲೆಯ ಮೇಲಿಟ್ಟರೆ ಪಕ್ಕದ ಮನೆಗೂ ಪರಿಮಳ ಹೋಗುತ್ತದೆ. ಅದಕ್ಕೆ ಈಗ ಸರಕಾರದ ಭೌಗೋಳಿಕ ಗುರುತೂ ಸಿಕ್ಕಿದೆ. ಆಜರೆಯ ಹತ್ತಿರ ರಾಮತೀರ್ಥ ಎಂಬ ಸ್ಥಳದಲ್ಲಿ ಹಿರಣ್ಯಕೇಶಿ ಕಲ್ಲುಬಂಡೆಗಳ ಮೇಲೆ ಹಾರಿ ಬೀಳುತ್ತಾಳೆ. ಅಲ್ಲಿ ಗುಡಿಯೂ ಇದೆ. ನಾವು ಇಳಿಯಲಿಲ್ಲ, ಮಳೆ ಜೋರಾಗಿತ್ತು.

ಆಜರೆಯಿಂದ ಮುಂದೆ ಮಳೆ ಎನ್ನುವ ಮಾತಿಗೇ ಬೇರೆ ಅರ್ಥ. ನಮ್ಮೂರಲ್ಲಿ ಮಳೆ ಬರುತ್ತದೆ, ನಿಲ್ಲುತ್ತದೆ. ಅಲ್ಲಿ ನಿಲ್ಲುವುದೇ ಇಲ್ಲ. ಆಂಬೋಲಿಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ನಮ್ಮ ಹುಕ್ಕೇರಿ ಸೀಮೆಗೆ ಅದರ ಹತ್ತನೇ ಒಂದು ಪಾಲು ಬಂದರೆ ಒಳ್ಳೆಯ ವರ್ಷ. 70 ಕಿ.ಮೀ. ಅಂತರದಲ್ಲಿ ಇಷ್ಟು ವ್ಯತ್ಯಾಸ ಏಕೆ? ಮಗಳು ಹೇಳಿದ್ದನ್ನು ನಾನು ನನ್ನ ಅಡುಗೆಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಕುದಿಯುವ ಪಾತ್ರೆಯ ಮೇಲೆ ತಣ್ಣನೆಯ ಮುಚ್ಚಳ ಇಡಿ. ಉಗಿ ಮೇಲೆ ಹೋಗಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಇಳಿಯುತ್ತದಲ್ಲವೆ? ಅರಬ್ಬೀ ಸಮುದ್ರದಿಂದ ಬರುವ ಒದ್ದೆ ಗಾಳಿಗೆ ಸಹ್ಯಾದ್ರಿ ಅಡ್ಡ ನಿಲ್ಲುತ್ತದೆ. ಗಾಳಿ ಮೇಲಕ್ಕೇರಲೇಬೇಕು, ಏರಿದರೆ ತಣ್ಣಗಾಗುತ್ತದೆ, ತಣ್ಣಗಾದರೆ ತನ್ನ ನೀರನ್ನೆಲ್ಲ ಅಲ್ಲೇ ಸುರಿಯುತ್ತದೆ. ಬೆಟ್ಟ ದಾಟಿ ನಮ್ಮೂರಿಗೆ ಬರುವಾಗ ಅದರ ಕೈ ಬರಿದು. ಆದರೆ ಸುರಿದ ನೀರೆಲ್ಲ ಕಡಲಿಗೆ ವಾಪಸು ಹೋಗುವುದಿಲ್ಲ. ಬೆಟ್ಟದ ಈಚೆಗೆ ಬಿದ್ದದ್ದು ಹೊಳೆಯಾಗಿ ನಮ್ಮ ಕಡೆಗೇ ಬರುತ್ತದೆ. ನಮ್ಮೂರಲ್ಲಿ ಬಿಸಿಲು ಬಿದ್ದಾಗಲೂ ಹೊಳೆ ಏಕೆ ಏರುತ್ತದೆ ಎಂಬ ಒಗಟು ನನಗೆ ಬಿಡಿಸಿದ್ದು ಅಂದೇ. ನಮ್ಮ ಆಕಾಶ ನೋಡಿ ಪ್ರಯೋಜನವಿಲ್ಲ, ಆಂಬೋಲಿಯ ಆಕಾಶ ಕೇಳಬೇಕು.

ಆಂಬೋಲಿಗೆ ಹತ್ತು ಕಿ.ಮೀ. ಇರುವಾಗ ನಾಂಗರತಾಸ ಎಂಬಲ್ಲಿ ಒಂದು ಜಲಪಾತವಿದೆ. ಅದಕ್ಕಿಂತ ಸುಮಾರು ಒಂದು ಕಿ.ಮೀ. ಹಿಂದೆಯೇ ರಸ್ತೆಗೆ ಅಡ್ಡವಾಗಿ ಒಂದು ಮರ ಬಿದ್ದಿತ್ತು. ಗಾಡಿಗಳು ಸಾಲಾಗಿ ನಿಂತಿದ್ದವು. ಮರ ಕಡಿದು ಸರಿಸಲು ಒಂದು ತಾಸಾದರೂ ಬೇಕು ಎಂದರು. ‘ವಾಪಸ್ ಹೋಗೂಣೇನು?’ ಎಂದು ನಮ್ಮವರು. ಅತ್ತಿಯವರು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಛತ್ರಿ ಕೇಳುತ್ತಿದ್ದರು. ‘ಒಂದು ಕಿಲೋಮೀಟರ ಏನ ದೊಡ್ಡದು? ನಾ ಹೊಲಕ್ಕ ಬುತ್ತಿ ಹೊತ್ತು ಎಷ್ಟ ನಡದೀನಿ.’ ಗಾಡಿಯವನಿಗೆ ಹಿಂದಿನಿಂದ ಬರಲು ಹೇಳಿ ನಾವು ನಡೆದೆವು.

ಸೋದರಿಯರೆ, ಆ ನಡಿಗೆಯನ್ನು ಹೇಗೆ ಹೇಳಲಿ! ಎರಡೂ ಕಡೆ ಕಾಡು. ನಾವು ಬಯಲುಸೀಮೆಯವರು, ಕಾಡೆಂದರೆ ಹತ್ತು ಜಾಲಿಮರ, ನಾಲ್ಕು ಬೇವಿನಮರ. ಇಲ್ಲಿ ಒಂದು ಮರದ ಮೇಲೆ ಇನ್ನೊಂದು ಕಾಡೇ ಬೆಳೆದಿತ್ತು. ಕಾಂಡದ ತುಂಬ ಹಾವಸೆ, ಹಾವಸೆಯ ಮೇಲೆ ಜರೀಗಿಡ, ಅದರ ಮೇಲೆ ಹೆಸರು ತಿಳಿಯದ ಬಳ್ಳಿ. ಮೋಡ ಕೆಳಗಿಳಿದು ರಸ್ತೆಯ ಮೇಲೆಯೇ ನಡೆಯುತ್ತಿತ್ತು. ಹತ್ತು ಹೆಜ್ಜೆ ಮುಂದಿದ್ದ ಮಗಳ ಕೆಂಪು ರೇನ್‌ಕೋಟು ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯ. ಮಳೆ ಒಂದು ಕ್ಷಣ ಕಡಿಮೆಯಾದರೂ ಮರಗಳು ತಮ್ಮ ಪಾಲಿನ ಮಳೆ ಸುರಿಸುತ್ತಲೇ ಇದ್ದವು. ಕಪ್ಪೆಗಳ ಕೂಗು ಒಂದೇ ಸಮ. ಕಪ್ಪೆ ಎಂದು ಮೂಗು ಮುರಿಯಬೇಡಿ. ಆಂಬೋಲಿಯ ಹೆಸರನ್ನೇ ಇಟ್ಟಿರುವ ಒಂದು ನೆಲಗಪ್ಪೆ ಇದೆ, ಮೈಮೇಲೆ ಹುಲಿಯಂತೆ ಪಟ್ಟೆ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದು 2009ರಲ್ಲಿ.

ಹಿಂದೆ ವೆಂಗುರ್ಲೆಯ ಬಂದರಿನಿಂದ ಬೆಳಗಾವಿಗೆ ಸಾಮಾನು ಏರಿಸಲು ಇಂಗ್ಲಿಷರಿಗೆ ಈ ಆಂಬೋಲಿ ಘಟ್ಟವೇ ದಾರಿಯಾಗಿತ್ತಂತೆ. ಎತ್ತಿನಗಾಡಿಗಳು ತಂಗುವ ಊರಾಗಿ ಆಂಬೋಲಿ ಬೆಳೆಯಿತು. ಈ ಮಳೆಯಲ್ಲಿ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ಘಟ್ಟ ಏರಿದವರನ್ನು ನೆನೆದು, ನಮ್ಮ ಒಂದು ಕಿಲೋಮೀಟರಿಗೆ ಗೊಣಗುವುದನ್ನು ಬಿಟ್ಟೆ.

ನಡುವೆ ಮಗಳು ‘ಆಯೀ!’ ಎಂದು ಅಜ್ಜಿಯನ್ನು ಕೂಗಿಕೊಂಡಳು. ಕಾಲಿಗೆ ಜಿಗಣೆ ಕಚ್ಚಿಕೊಂಡಿತ್ತು. ಕಿತ್ತೆಳೆಯಲು ಹೋದವಳ ಕೈಯನ್ನು ನಾದಿನಿ ಹಿಡಿದಳು. ಅರಿವೆಯ ಗಂಟಿನಲ್ಲಿ ಉಪ್ಪು, ನಿಪ್ಪಾಣಿಯ ತಂಬಾಕಿನ ಪುಡಿ ಬೆರೆಸಿ ತಂದಿದ್ದಳು. ಒದ್ದೆ ಗಂಟನ್ನು ಮುಟ್ಟಿಸಿದ್ದೇ ತಡ, ಜಿಗಣೆ ತಾನೇ ಉದುರಿತು. ಆಮೇಲೆ ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ. ಹೆಪ್ಪುಗಟ್ಟದಂತೆ ಮಾಡುವ ಗುಣ ಅದರ ಜೊಲ್ಲಿನಲ್ಲಿರುತ್ತದೆ. ಹೆದರುವಂಥದ್ದೇನಲ್ಲ, ತೊಳೆದು ಒತ್ತಿ ಹಿಡಿದರೆ ಸಾಕು.

ಜಲಪಾತ ಕಣ್ಣಿಗೆ ಬೀಳುವ ಮೊದಲು ಕಾಲಿಗೆ ಗೊತ್ತಾಯಿತು. ನೆಲವೇ ಸಣ್ಣಗೆ ನಡುಗುತ್ತಿತ್ತು. ನಮ್ಮ ಗೋಕಾಕ ಫಾಲ್ಸನ್ನು ನೀವು ನೋಡಿರುತ್ತೀರಿ. ಘಟಪ್ರಭೆ ಅಲ್ಲಿ 170 ಅಡಿ ಎತ್ತರದಿಂದ ಧುಮುಕುತ್ತಾಳೆ. ಸುತ್ತ ಬಯಲು, ಬಂಡೆ, ತೂಗುಸೇತುವೆ, ಮಿಲ್ಲು. ಎಲ್ಲ ತೆರೆದಿಟ್ಟ ಹಾಗೆ, ಜಾತ್ರೆಯಲ್ಲಿ ನಿಂತು ನೋಡಿದ ಹಾಗೆ. ನಾಂಗರತಾಸ ಅದಕ್ಕೆ ಪೂರ್ತಿ ಬೇರೆ. ಎತ್ತರ ಸುಮಾರು 40 ಅಡಿ ಅಷ್ಟೇ. ಆದರೆ ಅಗಲವಿಲ್ಲ. ಮರಾಠಿಯಲ್ಲಿ ನಾಂಗರ ಅಂದರೆ ನೇಗಿಲು. ಯಾರೋ ದೈತ್ಯ ನೇಗಿಲು ಹೂಡಿ ಕರಿಕಲ್ಲಿನಲ್ಲಿ ಒಂದು ಸಾಲು ಹೊಡೆದಂತೆ ಆಳವಾದ, ಇಕ್ಕಟ್ಟಾದ ಕೊರಕಲು. ಇಡೀ ಕಾಡಿನ ನೀರು ಆ ಸೀಳಿನೊಳಗೆ ನುಗ್ಗಬೇಕು. ಒಳಗೆ ಬಿದ್ದ ನೀರಿಗೆ ಹೊರಗೆ ಬರಲು ದಾರಿ ಸಾಲದು. ಗೋಡೆಯಿಂದ ಗೋಡೆಗೆ ಬಡಿದು, ತಿರುಗಿ, ಹಾಲು ಉಕ್ಕಿದಂತೆ ಬೆಳ್ಳಗೆ ಮೇಲೇರಿ, ಮತ್ತೆ ಬೀಳುತ್ತದೆ. ಪಕ್ಕದಲ್ಲಿ ನಿಂತವರು ಕಿವಿಯ ಬಳಿ ಕೂಗಿದರೂ ಕೇಳಿಸದು. ತುಂತುರು ಮೇಲೆ ಎದ್ದು ಮುಖ ತೋಯಿಸುತ್ತಿತ್ತು. ಆಕಾಶದಿಂದ ಬರುವ ಮಳೆ ಯಾವುದು, ಕೆಳಗಿನಿಂದ ಏರುವ ಮಳೆ ಯಾವುದು, ತಿಳಿಯಲಿಲ್ಲ.

ಅತ್ತಿಯವರು ಕಬ್ಬಿಣದ ಕಟಕಟೆ ಹಿಡಿದು ನಿಂತರು. ಐದು ವರ್ಷಕ್ಕೂ ಮೇಲೆ ನೀರಿನ ಮುಖ ನೋಡಲೊಲ್ಲದ ಹೆಂಗಸು, ಕಣ್ಣು ಕೀಳದೆ ನೋಡಿದರು. ನಾನು ಅವರ ರಟ್ಟೆ ಹಿಡಿದಿದ್ದೆ; ಅವರ ಕೈ ನಡುಗುತ್ತಿತ್ತೋ, ಕಟಕಟೆ ನಡುಗುತ್ತಿತ್ತೋ. ಎಷ್ಟೋ ಹೊತ್ತಿನ ಮೇಲೆ ರಸ್ತೆಯ ಕಡೆಗೆ ಸರಿದು ಬಂದಾಗ ಹೇಳಿದರು, ‘ಜಾಗಾ ಸಾಲದಿದ್ರ ಯಾರರೆ ಒದರತಾರವ್ವಾ.’

ನಾನು ಏನೂ ಹೇಳಲಿಲ್ಲ. ಅವರೇ ಮುಂದುವರಿಸಿದರು. ‘ನಾ ಲಗ್ನಾಗಿ ಬಂದಾಗ ನಮ್ಮ ಮನಿ ಮುಂದ ಒಂದ ಓಣಿ ಇತ್ತು, ಹಿಂದ ಬರೇ ಹೊಳಿ ಬಯಲು. ಮಳಿಗಾಲದಾಗ ಆಕಿ ಬಯಲ ತುಂಬ ಕೈ ಚಾಚಿ ಮಲಗತಿದ್ಲು. ಆಮ್ಯಾಲ ಹಿತ್ತಲ ಆತು, ದನದ ಮನಿ ಆತು, ಮಗ್ಗಲದವರದ ಗ್ವಾಡಿ ಆತು. ಆಕಿ ಹಾಸಿಗಿ ಮ್ಯಾಲ ನಾವ ಕುಂತೇವಿ.’

ಇಂಥ ಮಾತನ್ನು ಸಭೆಗಳಲ್ಲಿ ದೊಡ್ಡವರು ಹೇಳಿದ್ದನ್ನು ನಾನು ಕೇಳಿದ್ದೇನೆ. ಆದರೆ ಮನೆ ಕಳೆದುಕೊಂಡವರ ಬಾಯಿಂದ ಬಂದಾಗ ಅದರ ತೂಕವೇ ಬೇರೆ.

ಅಷ್ಟರಲ್ಲಿ ಮರ ಸರಿಸಿ ಗಾಡಿ ಬಂತು. ಮುಂದೆ ಆಂಬೋಲಿಯ ಹತ್ತಿರ ಹಿರಣ್ಯಕೇಶಿಯ ಗುಡಿಗೆ ಹೋಗುವ ದಾರಿ. ಗಾಡಿ ಬಿಟ್ಟು ಸ್ವಲ್ಪ ನಡೆಯಬೇಕು. ಬದಿಯಲ್ಲಿ ತಿಳಿನೀರು ಹರಿಯುತ್ತಿರುತ್ತದೆ, ನಮ್ಮೂರ ಹೊಳೆಯ ಕೆಂಪು ಬಣ್ಣದ ಗುರುತೂ ಇಲ್ಲ. ಕೊನೆಗೆ ಕಾಡಿನ ಮಗ್ಗುಲಲ್ಲಿ ಒಂದು ಗುಡಿ, ಅದಕ್ಕೆ ಹೊಂದಿ ಗವಿ. ಆ ಗವಿಯ ಕತ್ತಲೆಯೊಳಗಿಂದ ನೀರು ಹೊರಗೆ ಬಂದು ಮುಂದಿನ ಹೊಂಡಕ್ಕೆ ಬೀಳುತ್ತದೆ. ಅಷ್ಟೇ. ಅದೇ ಹಿರಣ್ಯಕೇಶಿ. ಹಿರಣ್ಯಕೇಶಿ ಅಂದರೆ ಪಾರ್ವತಿಯ ಹೆಸರು. ಚಿನ್ನದ ಕೂದಲಿನವಳು ಎಂದರ್ಥ. ಇಲ್ಲಿ ಹೊರಟವಳು ಆಜರಾ, ಗಡಹಿಂಗ್ಲಜ ದಾಟಿ, ನಮ್ಮ ಸಂಕೇಶ್ವರದ ಬದಿ ಹರಿದು, ಮುಂದೆ ಘಟಪ್ರಭೆಯನ್ನು ಕೂಡಿ ಗೋಕಾಕ ಫಾಲ್ಸಿನಲ್ಲಿ ಹಾರಿ, ಕೊನೆಗೆ ಕೃಷ್ಣೆಯನ್ನು ಸೇರುತ್ತಾಳೆ.

ಅತ್ತಿಯವರು ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ನೋಡಿದರು. ‘ಇಷ್ಟs ಇದ್ದಿ?’ ಎಂದರು. ನಮಗಲ್ಲ, ನೀರಿಗೆ.

ಕೈಚೀಲದಿಂದ ಖಣ, ಅಕ್ಕಿ, ಕಾಯಿ, ಅರಿಶಿನ-ಕುಂಕುಮ ತೆಗೆದಾಗ ನಮಗೆಲ್ಲ ಆಶ್ಚರ್ಯ. ಯಾರಿಗೂ ಹೇಳದೆ ಕಟ್ಟಿಕೊಂಡು ಬಂದಿದ್ದರು! ನೀರಿಗೆ ಬಿಡಲು ಹೊರಟಾಗ ಮಗಳು ತಡೆದಳು. ‘ಆಯೀ, ಈ ಹೊಂಡದಾಗ ಒಂದು ಸಣ್ಣ ಮೀನ ಅದ. ಅದರ ಹೆಸರೂ ಹಿರಣ್ಯಕೇಶೀನ. ನೀರಿಗೆ ಏನೂ ಹಾಕಬ್ಯಾಡ.’ ಅದು ನಿಜ. 2020ರಲ್ಲಿ ಸಂಶೋಧಕರು ಈ ನೀರಿನಲ್ಲಿ ಬೆರಳಿಗಿಂತ ಚಿಕ್ಕದಾದ ಹೊಸ ಜಾತಿಯ ಮೀನನ್ನು ಗುರುತಿಸಿ, ‘ಶಿಸ್ಟುರಾ ಹಿರಣ್ಯಕೇಶಿ’ ಎಂದು ಹೊಳೆಯ ಹೆಸರನ್ನೇ ಇಟ್ಟರು. 2021ರಲ್ಲಿ ಮಹಾರಾಷ್ಟ್ರ ಸರಕಾರ ಈ ಸ್ಥಳವನ್ನು ಜೀವವೈವಿಧ್ಯದ ಪರಂಪರೆಯ ತಾಣವೆಂದು ಸಾರಿತು. ಅಂಗೈಯಗಲದ ನೀರನ್ನೇ ನಂಬಿ ಬದುಕುವ ಜೀವ!

ಅತ್ತಿಯವರು ಮೊಮ್ಮಗಳ ಮಾತಿಗೆ ಎದುರಾಡಲಿಲ್ಲ. ‘ಆತು, ಆಕಿ ಕೂಸುಗಳಿಗೆ ತ್ರಾಸ ಬ್ಯಾಡ’ ಎಂದು ಉಡಿಯನ್ನು ಗುಡಿಯಲ್ಲಿ ದೇವಿಯ ಮುಂದೆ ಇಟ್ಟರು. ಹೊರಗೆ ಬಂದು ಹರಿದುಹೋಗುವ ನೀರಿನಲ್ಲಿ ಒಂದು ಬೊಗಸೆ ತೆಗೆದುಕೊಂಡು ಮುಖ ತೊಳೆದರು. ಆಮೇಲೆ ಅಲ್ಲೇ ನಿಂತು ನಮ್ಮವರಿಗೆ ಹೇಳಿದರು:

‘ಮ್ಯಾಲಿನ ರಸ್ತೆ ಮಗ್ಗಲದ ಜಾಗಾದಾಗ ಎರಡ ಖೋಲಿ ಕಟ್ಟಸು. ಕಾರಹುಣ್ಣಿವಿಗೆ ಹೋಗೂಣು, ಗಣಪತಿ ಆದಮ್ಯಾಲ ಇಳದ ಬರೂಣು. ಹಳೆ ಮನಿ ಮಾರಬ್ಯಾಡ. ನಾಲ್ಕ ತಿಂಗಳ ಆಕೀಗಿರಲಿ, ಎಂಟ ತಿಂಗಳ ನಮಗಿರಲಿ.’

ನಮ್ಮವರು ಮಾತೇ ಆಡಲಿಲ್ಲ, ತಾಯಿಯ ಕೈಯಿಂದ ಛತ್ರಿ ತೆಗೆದುಕೊಂಡು ಹಿಡಿದರು. ನಾನು ಎಷ್ಟು ವರ್ಷ ಬೇಡಿಕೊಂಡ ಮಾತು ಅದು! ಮಳೆಯಲ್ಲಿ ಕಣ್ಣೊರೆಸಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಅದೊಂದು ಅನುಕೂಲ.

ಎರಡು ಖೋಲಿ ಎಂದರೆ ಸಣ್ಣ ಖರ್ಚಲ್ಲ. ನಮ್ಮವರದು ಮೆಣಸಿನಕಾಯಿ ವ್ಯಾಪಾರ. ಒಂದು ವರ್ಷ ಬೆಲೆ ಬಂದರೆ ಇನ್ನೊಂದು ವರ್ಷ ಇಲ್ಲ. ಈಗ ಪಾಯ ಹಾಕಿ, ಗೋಡೆ ಕಿಟಕಿಯವರೆಗೆ ಬಂದಿದೆ. ನನ್ನ ಭಿಶಿಯ ದುಡ್ಡು, ಎರಡು ಬಿಲ್ವಾರ ಅದರೊಳಗೆ ಸೇರಿವೆ. ಚಾವಣಿ ಆಗಬೇಕು. ಈ ಮಳೆಗಾಲಕ್ಕೆ ತಗಡು ಹೊದಿಸಿಯಾದರೂ ಹೋಗುವುದೆಂದು ಅತ್ತಿಯವರ ಹಟ!

ಘಟ್ಟದ ಜಲಪಾತಗಳಿಗೆ ಮಳೆಯಲ್ಲಿ ಹೋಗಬೇಕೆನ್ನುವ ಸೋದರಿಯರಿಗೆ ನನ್ನ ಅನುಭವದ ನಾಲ್ಕು ಮಾತು:

ಶನಿವಾರ-ಭಾನುವಾರ ಬೇಡ. ಆಂಬೋಲಿಯ ರಸ್ತೆಬದಿಯ ದೊಡ್ಡ ಜಲಪಾತದಲ್ಲಿ ಆ ದಿನ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆ ಬೇಗ ಹೊರಟು, ಬೆಳಕಿರುವಾಗಲೇ ಘಟ್ಟ ಇಳಿಯಿರಿ. ಹೊರಡುವ ಹಿಂದಿನ ದಿನ ಗುಡ್ಡ ಕುಸಿದ ಸುದ್ದಿ ಇದೆಯೇ ಎಂದು ವಿಚಾರಿಸಿಕೊಳ್ಳಿ.

ಎಷ್ಟೇ ಶಾಂತವಾಗಿ ಕಂಡರೂ ಮಳೆಗಾಲದ ನೀರಿಗೆ ಇಳಿಯಬೇಡಿ, ಮಕ್ಕಳನ್ನು ಇಳಿಸಬೇಡಿ. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕದಡಿದರೆ, ಎಲೆ-ಕಡ್ಡಿ ತೇಲಿ ಬಂದರೆ, ಮೇಲೆ ಎಲ್ಲೋ ಜೋರು ಮಳೆಯಾಗಿದೆ ಎಂದು ತಿಳಿದು ಕೂಡಲೆ ಎತ್ತರಕ್ಕೆ ಸರಿಯಿರಿ. ಹಾವಸೆಯ ಕಲ್ಲಿನ ಮೇಲೆ ಸಾದಾ ಚಪ್ಪಲಿ ಜಾರುತ್ತದೆ, ಹಿಡಿತವಿರುವ ಬೂಟು ಹಾಕಿಕೊಳ್ಳಿ. ಸೀರೆ ಉಡುವವರು ತುಸು ಎತ್ತರಿಸಿ ಉಟ್ಟು, ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಜಿಗಣೆಗೆ ಉಪ್ಪಿನ ಗಂಟು ಮರೆಯಬೇಡಿ. ಮಂಗಗಳಿಗೆ ತಿನಿಸು ಹಾಕಬೇಡಿ. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ವಾಪಸು ತನ್ನಿ. ಅಲ್ಲಿ ಬಿಟ್ಟದ್ದು ಹೊಳೆಯ ಜೊತೆ ನಮ್ಮೂರಿಗೇ ಬರುತ್ತದೆ!

ಇನ್ನು ಬುತ್ತಿ. ಮಳೆಯಲ್ಲಿ ಹಸಿವು ಇಮ್ಮಡಿ. ನಾನು ಒಯ್ದದ್ದು ಧಪಾಟಿ. ಎರಡು ಬಟ್ಟಲು ಜೋಳದ ಹಿಟ್ಟಿಗೆ ಅರ್ಧರ್ಧ ಬಟ್ಟಲು ಗೋಧಿ ಹಿಟ್ಟು, ಕಡಲೆ ಹಿಟ್ಟು ಬೆರೆಸಿ. ಒಂದು ಹಿಡಿ ಹೆಚ್ಚಿದ ಮೆಂತ್ಯೆ ಸೊಪ್ಪು, ಹತ್ತು ಎಸಳು ಬಳ್ಳೊಳ್ಳಿ ಜೀರಿಗೆಯೊಂದಿಗೆ ಜಜ್ಜಿದ್ದು, ಒಂದು ಚಮಚ ಎಳ್ಳು, ಚಿಟಿಕೆ ಓಂಕಾಳು, ಅರಿಶಿನ, ರುಚಿಗೆ ಖಾರಪುಡಿ, ಉಪ್ಪು ಹಾಕಿ. ಖಾರಪುಡಿ ಸಂಕೇಶ್ವರಿ ಮೆಣಸಿನಕಾಯಿಯದಾದರೆ ಅಳತೆ ನೋಡಿ ಹಾಕಿ, ಅದು ನಮ್ಮ ಹೊಳೆಯ ಹಾಗೆ ಸಿಟ್ಟಿನದು. ಎರಡು ಚಮಚ ಮೊಸರು, ಬೇಕಾದಷ್ಟು ನೀರು ಸೇರಿಸಿ ನಾದಿ. ಒದ್ದೆ ಅರಿವೆಯ ಮೇಲೆ ತೆಳ್ಳಗೆ ತಟ್ಟಿ, ನಡುವೆ ಬೆರಳಿನಿಂದ ತೂತು ಮಾಡಿ, ಕಾದ ಹಂಚಿಗೆ ಹಾಕಿ, ಎಣ್ಣೆ ಬಿಟ್ಟು ಎರಡೂ ಮಗ್ಗುಲು ಬೇಯಿಸಿ. ಪೂರ್ತಿ ಆರಿದ ಮೇಲೆಯೇ ಅರಿವೆಯಲ್ಲಿ ಸುತ್ತಿ ಕಟ್ಟಿ, ಬೆವರಿದರೆ ಬೇಗ ಹಳಸುತ್ತದೆ. ಜೊತೆಗೆ ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದರೆ ಸಂಜೆಯವರೆಗೆ ಚಿಂತೆಯಿಲ್ಲ. ಐದು ಜನಕ್ಕೆಂದು ಕಟ್ಟಿದ್ದು ಗಾಡಿಯವನಿಗೂ ಸಾಕಾಯಿತು.

ನಿಮ್ಮ ಹೊಳೆಯ ತವರು ಎಲ್ಲಿದೆಯೋ, ಮನೆಯ ಹಿರಿಯರ ಕಾಲು ಗಟ್ಟಿಯಿರುವಾಗಲೇ ಅವರನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ. ಜೊತೆಗೆ ಒಂದು ಒಣಗಿದ ಟವೆಲು ಹೆಚ್ಚಿಗೆ ಇರಲಿ.